ಏಕತಾರಿಯಿಂದ ಗಿಟಾರ್‌ವರೆಗೆ: ರಘು ದೀಕ್ಷಿತ್ ಹಾಡಿನೊಳಗೆ ಯಾರ್ಯಾರಿದ್ದಾರೆ?

ಯಾವುದೇ ಇಂಡಿ ಬ್ಯಾಂಡ್‌ನ ಸಂದರ್ಶನ ತೆಗೆದು ನೋಡಿ, ಅದರಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತೆ: "ನಿಮ್ಮ ಸಂಗೀತದ ಮೇಲೆ ಯಾರ ಪ್ರಭಾವ ಇದೆ?" ಉತ್ತರವೂ ನಮಗೆ ಬಾಯಿಪಾಠ. ಬೀಟಲ್ಸ್, ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಲಿನ್, ಕೊನೆಗೆ ಒಂದು ರೆಹಮಾನ್. ನಮ್ಮ ಹಾಸ್ಟೆಲ್ ಬ್ಯಾಂಡ್‌ನವರನ್ನ ಕೇಳಿದ್ರೂ ಇದೇ ಲಿಸ್ಟ್ ಬರುತ್ತೆ. ಆದರೆ ಬೆಂಗಳೂರಿನ ಒಂದು ಬ್ಯಾಂಡ್‌ನ ಹಾಡನ್ನ ಪದರ ಪದರವಾಗಿ ಬಿಚ್ಚಿ ನೋಡಿದ್ರೆ, ಒಳಗಡೆ 1819ರಲ್ಲಿ ಹುಟ್ಟಿದ ಒಬ್ಬ ಶಾಲಾ ಮೇಷ್ಟ್ರು ಕೂತಿರ್ತಾರೆ. ಅವರ ಪಕ್ಕದಲ್ಲಿ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಗಾಯಕರು ಹಾರ್ಮೋನಿಯಂ ಹಿಡಿದುಕೊಂಡಿರ್ತಾರೆ. ಗಿಟಾರ್ ಬರೋದು ಆಮೇಲೆ.

ಆ ಬ್ಯಾಂಡ್ ರಘು ದೀಕ್ಷಿತ್ ಪ್ರಾಜೆಕ್ಟ್. ಈ ಲೇಖನದಲ್ಲಿ ಅವರ ಕನ್ನಡ ಹಾಡುಗಳು ಎಲ್ಲಿಂದ ಬಂದವು, ಅದರಲ್ಲಿ ಯಾರ ಪಾಲು ಎಷ್ಟು, ಒಂದು ತತ್ವಪದ ರಾಕ್ ಹಾಡಾಗೋಕೆ ತಾಂತ್ರಿಕವಾಗಿ ಏನೇನು ಆಗಬೇಕು ಅನ್ನೋದನ್ನ ನೋಡೋಣ. ಸ್ವಲ್ಪ ಫಿಸಿಕ್ಸ್ ಕೂಡ ಬರುತ್ತೆ, ಹೆದರಬೇಡಿ. ಫಸ್ಟ್ ಸೆಮ್‌ನಲ್ಲಿ ಓದಿದ್ದಷ್ಟೇ.

ಮೊದಲು ಬ್ಯಾಂಡ್ ಬಗ್ಗೆ

ರಘು ದೀಕ್ಷಿತ್ ಬೆಳೆದಿದ್ದು ಮೈಸೂರಿನಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಅದೂ ಎಂ.ಎಸ್ಸಿ.ವರೆಗೆ. ಜೊತೆಗೆ ಕಲಿತಿದ್ದು ಭರತನಾಟ್ಯ. ಗಿಟಾರ್ ಹಿಡಿದಿದ್ದು ಕಾಲೇಜು ದಿನಗಳಲ್ಲಿ. ಅವರು ಸ್ಟೇಜ್ ಮೇಲೆ ಕಾಲಿಗೆ ಗೆಜ್ಜೆ ಕಟ್ಟಿಕೊಂಡು, ಬಣ್ಣ ಬಣ್ಣದ ಪಂಚೆಯಲ್ಲಿ ಹಾಡೋದನ್ನ ನೀವು ನೋಡೇ ಇರ್ತೀರ. ಗೆಜ್ಜೆ ಬರೀ ಕಾಸ್ಟ್ಯೂಮ್ ಅಂದ್ಕೊಬೇಡಿ, ವರ್ಷಗಟ್ಟಲೆ ತಾಳಕ್ಕೆ ಹೆಜ್ಜೆ ಹಾಕಿದ ಕಾಲು ಅದು. ಮೊದಲು ಅವರಿಗೆ 'ಅಂತರಾಗ್ನಿ' ಅನ್ನೋ ಬ್ಯಾಂಡ್ ಇತ್ತು. ಅದಾದ ಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್ ಶುರುವಾಯ್ತು. 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಲೇಬಲ್‌ನಿಂದ ಮೊದಲ ಆಲ್ಬಂ ಬಂತು. ಅದಕ್ಕೂ 'ಅಂತರಾಗ್ನಿ' ಅಂತಲೇ ಹೆಸರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ. 2013ರಲ್ಲಿ ಎರಡನೇ ಆಲ್ಬಂ 'ಜಗ್ ಚಂಗಾ'.

ಮೊದಲ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಮಧ್ಯೆ ಎರಡು ಕನ್ನಡ ಹಾಡುಗಳಿವೆ: 'ಸೋರುತಿಹುದು ಮನಿಯ ಮಾಳಿಗಿ' ಮತ್ತು 'ಗುಡುಗುಡಿಯ ಸೇದಿ ನೋಡೋ'. ಎರಡನೇ ಆಲ್ಬಂನಲ್ಲಿ 'ಲೋಕದ ಕಾಳಜಿ'. ಈ ಮೂರೂ ಶಿಶುನಾಳ ಶರೀಫರ ಪದಗಳು. ನಮ್ಮ ಲೇಖನದ ಕೇಸ್ ಸ್ಟಡಿ ಇವೇ.

ಮೊದಲ ಪದರ: ಶರೀಫರು

ಶಿಶುನಾಳ ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನವರು. ಸ್ವಲ್ಪ ಕಾಲ ಶಾಲಾ ಮಾಸ್ತರರಾಗಿದ್ದರು. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನ ಗುರುಗಳಾಗಿ ಒಪ್ಪಿಕೊಂಡವರು. ಅವರು ಕಟ್ಟಿದ್ದು ತತ್ವಪದಗಳನ್ನ. ತತ್ವಪದ ಅಂದ್ರೆ ಮನೆ, ಹೊಲ, ಸಂತೆಯಲ್ಲಿ ಕಾಣೋ ಒಂದು ಸಾಮಾನ್ಯ ವಸ್ತುವನ್ನ ಇಟ್ಟುಕೊಂಡು ಒಳಗಿನ ದೊಡ್ಡ ವಿಷಯ ಹೇಳೋ ಹಾಡು.

ಉದಾಹರಣೆಗೆ 'ಗುಡುಗುಡಿ' ಅಂದ್ರೆ ಹುಕ್ಕಾ. ಎಳೆದಾಗ ನೀರಿನಿಂದ ಬರೋ ಸದ್ದೇ ಅದರ ಹೆಸರು. ನಮ್ಮ ಕ್ಯಾಂಪಸ್‌ನಲ್ಲಿ ಇದನ್ನ ಹುಕ್ಕಾ ಬಾರ್ ಹಾಡು ಅಂದ್ಕೊಂಡವರು ಬೇಕಾದಷ್ಟು ಜನ ಇದ್ದಾರೆ. ಶರೀಫರ ಪದದಲ್ಲಿ ಮನಸ್ಸೇ ಬಿಚ್ಚಬೇಕಾದ ಸಂಚಿ. ಸೇದಿದ್ರೆ ಹೋಗಬೇಕಾದ್ದು ಒಳಗಿನ ರೋಗ. ಹೊಗೆಸೊಪ್ಪಿನ ಭಾಷೆಯಲ್ಲಿ ಹೇಳಿದ ಆತ್ಮಶುದ್ಧಿ ಅದು.

'ಸೋರುತಿಹುದು' ಹಾಡಿನಲ್ಲಿ ಇನ್ನೊಂದು ತಮಾಷೆ ಇದೆ. ಬೆಂಗಳೂರಿನ ನಮಗೆ 'ಮಾಳಿಗೆ' ಅಂದ್ರೆ ಮಹಡಿ. ಮೇಲಿನ ಫ್ಲೋರ್. ಹಾಗಾಗಿ ಟೆರೇಸ್ ಸೋರ್ತಾ ಇದೆ, ವಾಟರ್‌ಪ್ರೂಫಿಂಗ್ ಮಾಡಿಸಬೇಕು ಅನ್ನೋ ಥರ ಕೇಳಿಸುತ್ತೆ. ಆದರೆ ಧಾರವಾಡ, ಹಾವೇರಿ ಕಡೆ ಹಳೇ ಮನೆಗಳ ಮಾಳಿಗೆ ಅಂದ್ರೆ ತೊಲೆ, ಜಂತಿ ಇಟ್ಟು ಅದರ ಮೇಲೆ ಮಣ್ಣು ಹಾಕಿ ಮಟ್ಟ ಮಾಡಿದ ಸೂರು. ಅದನ್ನ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ನೋಡಬೇಕು, ಮಣ್ಣು ಹಾಕಿ ಬಿಗಿ ಮಾಡಬೇಕು. ನೋಡದೇ ಬಿಟ್ರೆ ಸೋರುತ್ತೆ, ಒಳಗಿನ ಮರ ಲಡ್ಡಾಗುತ್ತೆ, ಒಂದು ದಿನ ಕುಸಿಯುತ್ತೆ. ಮೆಕ್ಯಾನಿಕಲ್‌ನವರ ಭಾಷೆಯಲ್ಲಿ ಹೇಳಬೇಕಂದ್ರೆ, ಪ್ರಿವೆಂಟಿವ್ ಮೇಂಟೆನೆನ್ಸ್ ಮಾಡದ ಮನಸ್ಸಿನ ಕಥೆ. ಹತ್ತಿ ನೋಡೋಕೆ ಯಾರೂ ಇಲ್ಲದಿರೋದೇ ಅಲ್ಲಿನ ದುಃಖ.

'ಮನೆಯ ಮಾಳಿಗೆ' ಅನ್ನೋದು 'ಮನಿಯ ಮಾಳಿಗಿ' ಆಗಿರೋದೂ ಸುಮ್ಮನೆ ಅಲ್ಲ. ಉತ್ತರ ಕರ್ನಾಟಕದ ಮಾತಿನಲ್ಲಿ ಪದದ ಕೊನೆಯ 'ಎ'ಕಾರ ಹೆಚ್ಚಾಗಿ 'ಇ'ಕಾರ ಆಗುತ್ತೆ. ಚಿಂತೆ ಚಿಂತಿ ಆಗುತ್ತೆ, ಮನೆ ಮನಿ ಆಗುತ್ತೆ. ಮೈಸೂರಿನ ರಘು ದೀಕ್ಷಿತ್ ಈ ಹಾಡನ್ನ ಮೈಸೂರು ಕನ್ನಡಕ್ಕೆ ತಿದ್ದಿಕೊಂಡಿಲ್ಲ, ಆ ಮಾತನ್ನ ಹಾಗೇ ಉಳಿಸಿಕೊಂಡಿದ್ದಾರೆ. ಪ್ರಭಾವ ಅಂದ್ರೆ ಬರೀ ಟ್ಯೂನ್ ತಗೊಳೋದಲ್ಲ, ನಾಲಿಗೆಯನ್ನೂ ತಗೊಳೋದು ಅನ್ನೋಕೆ ಇದು ಒಳ್ಳೆ ಉದಾಹರಣೆ.

ಎರಡನೇ ಪದರ: ಎನ್.ಆರ್. ಕಾಲೋನಿಯ ದಾರಿ

ಶರೀಫರ ಪದಗಳು ಬಹಳ ಕಾಲ ಬಾಯಿಂದ ಬಾಯಿಗೆ ಉಳಿದವು. ಹಳ್ಳಿಯ ಭಜನೆ ಮೇಳಗಳಲ್ಲಿ ಏಕತಾರಿ, ತಾಳ, ದಮ್ಮಡಿ ಜೊತೆ ಹಾಡ್ತಿದ್ರು. ಅಲ್ಲಿಂದ ನೇರವಾಗಿ ಎಲೆಕ್ಟ್ರಿಕ್ ಗಿಟಾರ್‌ಗೆ ಜಿಗಿದಿಲ್ಲ. ಮಧ್ಯೆ ಒಂದು ದೊಡ್ಡ ನಿಲ್ದಾಣ ಇದೆ, ಅದು ನಮ್ಮ ಬಸವನಗುಡಿ ಪಕ್ಕದಲ್ಲೇ. ಎನ್.ಆರ್. ಕಾಲೋನಿಯಲ್ಲಿ ಡಾ. ಸಿ. ಅಶ್ವಥ್ ಕಲಾಭವನ ಅಂತ ಬೋರ್ಡ್ ನೋಡಿರ್ತೀರ. ಆ ಅಶ್ವಥ್ (1939–2009) ಅವರೇ ಎರಡನೇ ಪದರ.

ಅಶ್ವಥ್ ಅವರು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡ್ತಾ ಸಂಗೀತ ಮಾಡಿದವರು. ಪ್ಲೇಸ್‌ಮೆಂಟ್ ಆದ್ರೆ ಮ್ಯೂಸಿಕ್ ಬಿಡಬೇಕಾಗುತ್ತೆ ಅಂತ ಕೊರಗ್ತಿರೋ ಗೆಳೆಯರು ಈ ಸಾಲನ್ನ ಎರಡು ಸಲ ಓದಿ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾಗಿ ನಟಿಸಿದ್ರು. ಸಂಗೀತ ಅಶ್ವಥ್ ಅವರದ್ದು. ದಕ್ಷಿಣ ಕರ್ನಾಟಕದ ಎಷ್ಟೋ ಮನೆಗಳಿಗೆ ಶರೀಫರು ಬಂದಿದ್ದೇ ಈ ಹಾಡುಗಳ ಮೂಲಕ. ಚಾಮರಾಜಪೇಟೆಯಲ್ಲಿರೋ ನಮ್ಮ ಅಜ್ಜಿಗೆ ನಾನು ರಘು ದೀಕ್ಷಿತ್ ಹಾಡು ಕೇಳಿಸಿದಾಗ ಅವರು ಮೊದಲು ಹೇಳಿದ್ದು "ಇದು ಅಶ್ವಥ್ ಹಾಡಲ್ವೇನೋ?" ಅಂತ. ಶರೀಫರ ಹೆಸರು ಬಂದಿದ್ದು ಎರಡನೇ ವಾಕ್ಯದಲ್ಲಿ.

ಇದನ್ನ ಅರ್ಥ ಮಾಡಿಕೊಳ್ಳೋಕೆ ಸುಗಮ ಸಂಗೀತ ಅಂದ್ರೇನು ಅಂತ ಗೊತ್ತಿರಬೇಕು. ಶಾಸ್ತ್ರೀಯ ಕಛೇರಿಯಲ್ಲಿ ರಾಗಕ್ಕೆ ಮೊದಲ ಮರ್ಯಾದೆ, ಒಂದೇ ಸಾಲನ್ನ ಹತ್ತು ಥರ ಹಾಡಬಹುದು. ಸುಗಮ ಸಂಗೀತದಲ್ಲಿ ಕವಿತೆಗೆ ಮೊದಲ ಮರ್ಯಾದೆ. ಸಾಲಿನ ಅರ್ಥ ಕೇಳುಗರಿಗೆ ತಲುಪಬೇಕು, ರಾಗ ಅದಕ್ಕೆ ಸಹಾಯ ಮಾಡಬೇಕು. ಪಿ. ಕಾಳಿಂಗರಾಯರು ಈ ದಾರಿ ತೆರೆದರು. ಮೈಸೂರು ಅನಂತಸ್ವಾಮಿ ಅದನ್ನ ಮನೆಮನೆಗೆ ತಂದರು. ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂದಿದ್ದು, ಸಂಗೀತ ಅನಂತಸ್ವಾಮಿಯವರದ್ದು. ರಾಜರತ್ನಂ ಅವರ 'ರತ್ನನ ಪದಗಳು' ಅನ್ನೋ ಕುಡುಕನ ಆಡುಮಾತಿನ ಪದ್ಯಗಳಿಗೂ ಅವರು ರಾಗ ಹಾಕಿದ್ರು. ಪುಸ್ತಕದ ಕನ್ನಡ ಅಲ್ಲದ ಕನ್ನಡವನ್ನ ಸ್ಟೇಜ್ ಮೇಲೆ ಹಾಡಬಹುದು ಅನ್ನೋ ಧೈರ್ಯ ಆಗಲೇ ಬಂದಿತ್ತು.

ಅಶ್ವಥ್ ಇದಕ್ಕೆ ಇನ್ನೊಂದು ವಿಷಯ ಸೇರಿಸಿದರು: ವಾಲ್ಯೂಮ್. ಅವರ ಗಂಟಲು ತೆರೆದ ಗಂಟಲು, ಮೇಲಿನ ಸ್ವರಕ್ಕೆ ಹೋಗಿ ಅಲ್ಲೇ ನಿಲ್ಲೋ ಧೈರ್ಯ ಇದ್ದ ಗಂಟಲು. 2005ರಲ್ಲಿ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮ ಮಾಡಿದ್ರು. ಅದೇ ಮೈದಾನದಲ್ಲಿ ವಿದೇಶಿ ರಾಕ್ ಬ್ಯಾಂಡ್‌ಗಳ ಶೋ ನಡೀತಿತ್ತು. ಅಷ್ಟೇ ದೊಡ್ಡ ಜನಸಾಗರದ ಮುಂದೆ ಕನ್ನಡ ಕವಿತೆಗಳನ್ನ, ಅದೂ ದೊಡ್ಡ ಗಾಯಕವೃಂದದ ಜೊತೆ ಹಾಡಬಹುದು ಅಂತ ತೋರಿಸಿದ್ರು. ರಘು ದೀಕ್ಷಿತ್ ಆಲ್ಬಂ ಬರೋಕೆ ಅದಕ್ಕಿಂತ ಮೂರು ವರ್ಷ ಬೇಕಿತ್ತು. ಕನ್ನಡ ಪದ್ಯಕ್ಕೆ ಕಾನ್ಸರ್ಟ್ ಸೈಜಿನ ಕೇಳುಗರು ಮೊದಲೇ ರೆಡಿ ಇದ್ರು ಅನ್ನೋದನ್ನ ಮರೀಬಾರದು.

ಆ ಕೇಳುಗರನ್ನ ತಯಾರು ಮಾಡಿದ್ದು ಈ ಹಳೇ ಬಡಾವಣೆಗಳೇ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು ಹೆಸರುವಾಸಿ. ಮಂಡಳಿ ಶುರುವಾಗಿದ್ದು 1939ರಲ್ಲಿ. ಬಸವನಗುಡಿಯಲ್ಲಿ ವಿದ್ಯಾರಣ್ಯ ಯುವಕ ಸಂಘದವರ ಗಣೇಶ ಉತ್ಸವ 1962ರಿಂದ. ಒಂದು ಸಂಜೆ ಶಾಸ್ತ್ರೀಯ ಕಛೇರಿ, ಇನ್ನೊಂದು ಸಂಜೆ ಸುಗಮ ಸಂಗೀತ ಅಥವಾ ಆರ್ಕೆಸ್ಟ್ರಾ. ಗಾಂಧಿ ಬಜಾರ್‌ನಲ್ಲಿ ಹೂವು ತಗೊಂಡು ಬಂದು ಕುರ್ಚಿ ಹಿಡಿಯೋರು ಎಲ್ಲದಕ್ಕೂ ಅದೇ ಜನ. 'ಜಾನರ್' ಅನ್ನೋ ಗೋಡೆ ನಮ್ಮ ಆ್ಯಪ್‌ಗಳಲ್ಲಿ ಇರೋಷ್ಟು ಗಟ್ಟಿಯಾಗಿ ಪೆಂಡಾಲ್‌ನಲ್ಲಿ ಇರಲಿಲ್ಲ.

ಮೂರನೇ ಪದರ: ಗಿಟಾರ್ (ಇಲ್ಲಿ ಫಿಸಿಕ್ಸ್)

ಈಗ ಅಸಲಿ ಪ್ರಶ್ನೆ. ಏಕತಾರಿಯಲ್ಲಿ ಇರೋದು ಒಂದೇ ತಂತಿ. ಹಾಡು ಎಲ್ಲಿಗೆ ಹೋದ್ರೂ ಆ ತಂತಿ 'ಸ' ಅಂತಲೇ ಮೊಳಗ್ತಾ ಇರುತ್ತೆ. ತಂಬೂರಿಯಲ್ಲಿ ನಾಲ್ಕು ತಂತಿ, ಸಾಮಾನ್ಯವಾಗಿ ಒಂದು 'ಪ', ಮೂರು 'ಸ'. ನಮ್ಮ ಸಂಗೀತದಲ್ಲಿ ನೆಲ ಅಲ್ಲಾಡಲ್ಲ, ಹಾಡು ಅದರ ಮೇಲೆ ನಡೆಯುತ್ತೆ. ಪಾಶ್ಚಾತ್ಯ ಪಾಪ್, ರಾಕ್‌ನಲ್ಲಿ ಕಾರ್ಡ್ ಬದಲಾಗ್ತಾ ಹೋಗುತ್ತೆ, ಅಂದ್ರೆ ನೆಲವೇ ಜರುಗುತ್ತೆ. ಯಾವುದಾದ್ರೂ ತತ್ವಪದಕ್ಕೆ ನಾವು ನಾಲ್ಕು ಕಾರ್ಡ್ ಹಾಕಿ ಬಾರಿಸಿದ್ರೆ ಸುಮಾರು ಸಲ 'ಏನೋ ಸರಿ ಇಲ್ಲ' ಅನ್ಸೋದು ಇದಕ್ಕೇ.

ಸಮಸ್ಯೆ ಇರೋದು ಹೆಚ್ಚಾಗಿ ಗಾಂಧಾರದಲ್ಲಿ. ಮೇಜರ್ ಕಾರ್ಡ್ ಅಂದ್ರೆ ಸ, ಅಂತರ ಗಾಂಧಾರ, ಪ. ಮೈನರ್ ಅಂದ್ರೆ ಸ, ಸಾಧಾರಣ ಗಾಂಧಾರ, ಪ. ಗಿಟಾರಿಸ್ಟ್ ಕಾರ್ಡ್ ಬಾರಿಸಿದ ತಕ್ಷಣ ಯಾವ ಗಾಂಧಾರ ಅನ್ನೋದನ್ನ ಅವನೇ ತೀರ್ಮಾನ ಮಾಡಿಬಿಡ್ತಾನೆ. ಆದರೆ ಆ ತೀರ್ಮಾನ ರಾಗದ್ದು, ಹಾಡೋರದ್ದು. ಕೆಲವು ರಾಗಗಳಲ್ಲಿ ಗಾಂಧಾರವೇ ಇರಲ್ಲ. ಇದ್ದ ಕಡೆಯೂ ಗಾಯಕರು ಅದನ್ನ ಜಾರಿಸಿ, ಆಡಿಸಿ ಹಾಡ್ತಾರೆ. ಗಿಟಾರ್‌ನ ಫ್ರೆಟ್ ಮಾತ್ರ ಒಂದೇ ಜಾಗದಲ್ಲಿ ಕೂತಿರುತ್ತೆ.

ಇದಕ್ಕೆ ರಾಕ್ ಸಂಗೀತದಲ್ಲೇ ಒಂದು ಉತ್ತರ ಇದೆ: ಪವರ್ ಕಾರ್ಡ್. ಅದರಲ್ಲಿ ಮೂಲ ಸ್ವರ ಮತ್ತು ಐದನೇ ಸ್ವರ ಮಾತ್ರ, ಗಾಂಧಾರ ಇರಲ್ಲ. ಅಂದ್ರೆ 'ಸ' ಮತ್ತು 'ಪ'. ಈಗ ತಂಬೂರಿಯ ತಂತಿಗಳನ್ನ ಇನ್ನೊಮ್ಮೆ ನೆನಪು ಮಾಡಿಕೊಳ್ಳಿ. ಅಲ್ಲೂ ಸ ಮತ್ತು ಪ! ಮೆಟಲ್ ಗಿಟಾರಿಸ್ಟ್ ಮತ್ತು ತಂಬೂರಿ ಹಿಡಿದವರು ಹಿಡಿಯೋದು ಅದೇ ಎರಡು ಸ್ವರ.

ಇದು ಕಾಕತಾಳೀಯ ಅಲ್ಲ, ಕಾರಣ ಇದೆ. ಸ ಮತ್ತು ಪ ನಡುವಿನ ಅನುಪಾತ 3:2, ಅಂದ್ರೆ 1.5. ಗಿಟಾರ್‌ನಲ್ಲಿ ಒಂದು ಆಕ್ಟೇವ್‌ನ 12 ಸಮ ಭಾಗ ಮಾಡಿರೋದ್ರಿಂದ 'ಪ' ಅನ್ನೋದು 2ರ 7/12ನೇ ಘಾತ, ಅಂದ್ರೆ 1.4983. ವ್ಯತ್ಯಾಸ ಕಿವಿಗೆ ತಿಳಿಯೋದೇ ಕಷ್ಟ. ಆದರೆ ಅಂತರ ಗಾಂಧಾರದ ಶುದ್ಧ ಅನುಪಾತ 5:4, ಅಂದ್ರೆ 1.25. ಗಿಟಾರ್‌ನಲ್ಲಿ ಅದು 1.2599. ಇದು ಕೇಳಿಸುವಷ್ಟು ಹೆಚ್ಚು. ಇದಕ್ಕೆ ಡಿಸ್ಟಾರ್ಷನ್ ಸೇರಿಸಿದ್ರೆ ಇನ್ನೂ ಮಜಾ. ಡಿಸ್ಟಾರ್ಷನ್ ಒಂದು ನಾನ್‌ಲೀನಿಯರ್ ಸರ್ಕ್ಯೂಟ್, ಅದು ಎರಡು ಸ್ವರಗಳ ಮೊತ್ತ ಮತ್ತು ವ್ಯತ್ಯಾಸದ ಫ್ರೀಕ್ವೆನ್ಸಿಗಳನ್ನೂ ಹುಟ್ಟಿಸುತ್ತೆ. 110 ಹರ್ಟ್ಜ್‌ನ ಸ, 164.81ರ ಪ ಸೇರಿದ್ರೆ ವ್ಯತ್ಯಾಸ 54.81. ಅದು ಹೆಚ್ಚೂ ಕಡಿಮೆ ಕೆಳಗಿನ ಆಕ್ಟೇವ್‌ನ 'ಸ' (55). ಹಾಗಾಗಿ ಸದ್ದು ಇನ್ನೂ ದಪ್ಪ, ಗಟ್ಟಿ ಆಗುತ್ತೆ. ಗಾಂಧಾರ ಸೇರಿಸಿದ್ರೆ ಸಂಬಂಧ ಇಲ್ಲದ ಫ್ರೀಕ್ವೆನ್ಸಿಗಳು ಹುಟ್ಟಿ ಸದ್ದು ಕೆಸರಾಗುತ್ತೆ. ರಾಕ್‌ನವರು ಕಿವಿಯಿಂದ ಕಂಡುಕೊಂಡಿದ್ದು ಇದನ್ನೇ, ತಂಬೂರಿ ಮಾಡಿದವರು ಕಂಡುಕೊಂಡಿದ್ದೂ ಇದನ್ನೇ.

ಹಾಗಾಗಿ ಯಾವುದೇ ಬ್ಯಾಂಡ್ ತತ್ವಪದ ಎತ್ತಿಕೊಂಡ್ರೆ ಮೂರು ದಾರಿ ಇದೆ. ಒಂದು, ಗಿಟಾರ್ ತಂಬೂರಿಯ ಕೆಲಸ ಮಾಡೋದು, ಒಂದೇ ನೆಲ ಹಿಡಿದು ಮೊಳಗೋದು. ಎರಡು, ಕಾರ್ಡ್ ಬದಲಾದ್ರೂ ಗಾಂಧಾರದ ಜಾಗ ಖಾಲಿ ಬಿಟ್ಟು ಅದನ್ನ ಗಾಯಕರಿಗೆ ಕೊಡೋದು. ಮೂರು, ಸ್ವರಕ್ಕಿಂತ ತಾಳವನ್ನ ಮುಂದೆ ತರೋದು. ಭಜನೆಯಲ್ಲಿ ಒಬ್ಬರು ಹೇಳಿಕೊಡ್ತಾರೆ, ಮಿಕ್ಕವರು ತಿರುಗಿ ಹೇಳ್ತಾರೆ. ಪಲ್ಲವಿ ಪ್ರತಿ ನುಡಿಯ ಕೊನೆಗೂ ವಾಪಸ್ ಬರುತ್ತೆ. ರಾಕ್ ಹಾಡಿನ ಕೋರಸ್‌ಗೆ ಇದಕ್ಕಿಂತ ರೆಡಿಮೇಡ್ ಅಚ್ಚು ಬೇಕಾ? ಕನ್ನಡ ಬಾರದ ಊರಿನಲ್ಲೂ ಶರೀಫರ ಪಲ್ಲವಿಗೆ ಜನ ದನಿಗೂಡಿಸೋದು ಈ ಅಚ್ಚಿನ ಶಕ್ತಿಯಿಂದ.

"ಇದೆಲ್ಲಾ ಹಾಳು ಮಾಡೋದಲ್ವಾ?"

ಗಿಟಾರ್, ಡ್ರಮ್ಸ್ ಹಾಕಿ ಶರೀಫರನ್ನ ಕೆಡಿಸಿದ್ರು ಅನ್ನೋ ಮಾತು ದೊಡ್ಡವರ ಬಾಯಲ್ಲಿ ಬರುತ್ತೆ. ಅವರಿಗೆ ಮಲ್ಲೇಶ್ವರದ ಪಕ್ಕದ ಚೌಡಯ್ಯ ಸ್ಮಾರಕ ಭವನ ತೋರಿಸಬೇಕು. 1980ರಲ್ಲಿ ಆರಂಭವಾದ ಆ ಕಟ್ಟಡ ಇರೋದೇ ಪಿಟೀಲಿನ ಆಕಾರದಲ್ಲಿ. ಪಿಟೀಲು ಯುರೋಪಿನ ವಾದ್ಯ. ಕರ್ನಾಟಕ ಸಂಗೀತಕ್ಕೆ ಬಂದು ಸುಮಾರು ಇನ್ನೂರು ವರ್ಷ ಆಗಿದೆ ಅಷ್ಟೇ. ಟಿ. ಚೌಡಯ್ಯನವರು (1895–1967) ಅದನ್ನ ಬರೀ ನುಡಿಸಲಿಲ್ಲ. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದೆ ಕೂತವರಿಗೂ ಕೇಳಿಸಲಿ ಅಂತ ನಾಲ್ಕು ತಂತಿಯ ಪಿಟೀಲನ್ನ ಏಳು ತಂತಿಗೆ ಏರಿಸಿದ್ರು. ಅಂದಿನ ಕಾಲದ ಹಾರ್ಡ್‌ವೇರ್ ಹ್ಯಾಕ್ ಅದು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಗೂ ಹೋಗಿಬಂದ್ರು. ವಾದ್ಯ ಹೊರಗಿನದ್ದು ಅನ್ನೋದು ತಕರಾರಾಗೋದಾದ್ರೆ ನಮ್ಮ ಹಾರ್ಮೋನಿಯಂ ಕೂಡ ಹೊರಗೆ ಹೋಗಬೇಕಾಗುತ್ತೆ.

ಕೇಳಬೇಕಾದ ಪ್ರಶ್ನೆ ಬೇರೆ: ಪದದ ಅರ್ಥ ತಲುಪ್ತಿದೆಯಾ? ಅಲ್ಲಿ ಮಾತ್ರ ದೊಡ್ಡವರ ಆತಂಕದಲ್ಲಿ ನಿಜ ಇದೆ. ನಮ್ಮಂಥ ಇಂಗ್ಲಿಷ್ ಮೀಡಿಯಂ ಹುಡುಗ ಹುಡುಗಿಯರು ಈ ಹಾಡುಗಳನ್ನ ಸದ್ದಾಗಿ ಕೇಳ್ತೀವಿ. ಸಾಹಿತ್ಯ ಬೇಕಾದ್ರೆ ಇಂಗ್ಲಿಷ್ ಅಕ್ಷರದಲ್ಲಿ ಹುಡುಕ್ತೀವಿ. ಬಾಯಿಂದ ಬಾಯಿಗೆ ಉಳಿದ ಹಾಡು ಇದು. ಆ ಸರಪಳಿಯಲ್ಲಿ ಈಗ ನಮ್ಮ ಬಾಯಿ ಬಂದಿದೆ. ಮಾಳಿಗೆ ಅಂದ್ರೆ ಏನು ಅಂತ ಗೊತ್ತಿಲ್ಲದೇ ಹಾಡಿದ್ರೆ ಟ್ಯೂನ್ ಮುಂದೆ ಹೋಗುತ್ತೆ, ಮನೆ ಇಲ್ಲೇ ಕುಸಿಯುತ್ತೆ.

ರಘು ಒಬ್ಬರೇ ಅಲ್ಲ

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡೋ 'ಸ್ವರಾತ್ಮ' ಬೆಂಗಳೂರಿನ ಇನ್ನೊಂದು ಫೋಕ್ ರಾಕ್ ಬ್ಯಾಂಡ್. ಕೀಲುಕುದುರೆ ಥರದ ವೇಷ ಹಾಕಿಕೊಂಡು ವಾಸು ಸ್ಟೇಜ್‌ಗೆ ಬರ್ತಿದ್ದಿದ್ದು ಆ ಬ್ಯಾಂಡ್‌ನ ಗುರುತು. 2009ರ ಮೊದಲ ಆಲ್ಬಂನಲ್ಲಿ 'ಈ ಭೂಮಿ' ಅನ್ನೋ ಕನ್ನಡ ಹಾಡಿದೆ. 2012ರ 'ಟೋಪಿವಾಲೆ' ರಾಜಕಾರಣಿಗಳನ್ನ ಗೇಲಿ ಮಾಡುತ್ತೆ. ಅಣ್ಣನದ್ದು ಹಳೇ ಪದಕ್ಕೆ ಹೊಸ ಸದ್ದು ಕೊಡೋ ದಾರಿಯಾದ್ರೆ, ಇವರದ್ದು ಹೊಸ ಮಾತನ್ನ ಜಾನಪದದ ಮೈಯಲ್ಲಿ ಹೇಳೋ ದಾರಿ. ಬೆಂಗಳೂರಿನದ್ದೇ ಆದ 'ಅಗಂ' ಮೂರನೇ ದಾರಿ ಹಿಡಿದಿದೆ. ಅವರ ಬೇರು ಕರ್ನಾಟಕ ಶಾಸ್ತ್ರೀಯ ಸಂಗೀತ, ಕೊಂಬೆ ಪ್ರೋಗ್ರೆಸಿವ್ ರಾಕ್. ಮೂರನ್ನೂ 'ಫ್ಯೂಷನ್' ಅನ್ನೋ ಒಂದೇ ಡಬ್ಬಿಗೆ ಹಾಕೋದು ನಮ್ಮ ಸೋಮಾರಿತನ.

ಕೇಳೋ ಕ್ರಮ

ಇಯರ್‌ಫೋನ್ ಹಾಕ್ಕೊಂಡು ಈ ಕ್ರಮದಲ್ಲಿ ಕೇಳಿ ನೋಡಿ.

1. 'ಸೋರುತಿಹುದು ಮನಿಯ ಮಾಳಿಗಿ', ಅಶ್ವಥ್ ದನಿಯಲ್ಲಿ. ಸಾಲಿನ ಯಾವ ಪದದ ಮೇಲೆ ಒತ್ತು ಬೀಳುತ್ತೆ ಅಂತ ಗಮನಿಸಿ.

2. ಅದೇ ಹಾಡು, ರಘು ದೀಕ್ಷಿತ್ 2008ರ ಆಲ್ಬಂನಿಂದ. ಒತ್ತು ಎಲ್ಲಿಗೆ ಜರುಗಿದೆ, ಗಿಟಾರ್ ಗಾಂಧಾರಕ್ಕೆ ಜಾಗ ಬಿಟ್ಟಿದೆಯಾ ನೋಡಿ.

3. 'ಗುಡುಗುಡಿಯ ಸೇದಿ ನೋಡೋ'. ಸಾಹಿತ್ಯವನ್ನ ಕನ್ನಡ ಅಕ್ಷರದಲ್ಲೇ ಎದುರಿಗಿಟ್ಟುಕೊಳ್ಳಿ. ನಿಧಾನ ಆದ್ರೂ ಪರವಾಗಿಲ್ಲ.

4. 'ಲೋಕದ ಕಾಳಜಿ'. ಮೇಲ್ನೋಟಕ್ಕೆ 'ಚಿಂತೆ ಮಾಡೋದಾದ್ರೆ ಮಾಡಪ್ಪ, ಯಾರು ಬೇಡ ಅಂದ್ರು' ಅನ್ನೋ ಕುಹಕ. ಪರೀಕ್ಷೆಗೆ ಹಿಂದಿನ ರಾತ್ರಿ ಕೇಳಿದ್ರೆ ಪೂರ್ತಿ ಅರ್ಥ ಆಗುತ್ತೆ.

5. 'ನಿನ್ನ ಪೂಜೆಗೆ ಬಂದೆ ಮಹದೇಶ್ವರ', 'ಸೈಕೋ' (2008) ಸಿನಿಮಾದ್ದು, ಸಂಗೀತ ರಘು ದೀಕ್ಷಿತ್. ಶರೀಫರ ಸೀಮೆಯಿಂದ ಮಾದಪ್ಪನ ಬೆಟ್ಟದ ಸೀಮೆಗೆ ಬಂದಾಗ ಭಾಷೆ, ತಾಳ ಏನೇನು ಬದಲಾಗುತ್ತೆ ಹೋಲಿಸಿ.

6. 'ಈ ಭೂಮಿ', ಸ್ವರಾತ್ಮ. ಅಣ್ಣ ತಮ್ಮಂದಿರ ದಾರಿ ಎಲ್ಲಿ ಬೇರೆ ಆಗುತ್ತೆ ಅಂತ ಪತ್ತೆ ಮಾಡೋಕೆ.

ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಕ್ಯಾಂಪಸ್ ಬ್ಯಾಂಡ್ ಒಂದು ಕನ್ನಡ ಸೆಟ್ ಮಾಡ್ತೀವಿ ಅಂತಿದೆ. ಸಿನಿಮಾ ಹಾಡು ಮಾಡಿದ್ರೆ ಮಾತ್ರ ಜನ ಕೂರ್ತಾರೆ ಅನ್ನೋರು ಕೆಲವರು, ತತ್ವಪದ ಮಾಡೋಣ ಅನ್ನೋರು ಕೆಲವರು. ನನ್ನ ಓಟು ತತ್ವಪದಕ್ಕೆ, ಒಂದು ಷರತ್ತಿನ ಮೇಲೆ: ಹಾಡೋಕೆ ಮುಂಚೆ ಒಂದೇ ಒಂದು ನಿಮಿಷ ಯಾರಾದ್ರೂ ಮೈಕ್ ಹಿಡಿದು ಪದದ ಅರ್ಥ ಹೇಳಬೇಕು. ಉತ್ತರ ಕರ್ನಾಟಕದ ಗೆಳೆಯರು ಹಾಸ್ಟೆಲ್ ತುಂಬಾ ಇದ್ದೀರ. ಮಣ್ಣಿನ ಮಾಳಿಗೆ ಮೇಲೆ ಹತ್ತಿ ನಡೆದಾಡಿರೋರು ನಿಮ್ಮಲ್ಲಿ ಯಾರಾದ್ರೂ ಇದ್ರೆ, ರಿಹರ್ಸಲ್ ಶುರುವಾಗೋಕೆ ಮುಂಚೆ ಕನ್ನಡ ಸಂಘದ ರೂಮಿಗೆ ಬನ್ನಿ. 'ಮನಿ', 'ಮಾಳಿಗಿ' ಸರಿಯಾಗಿ ಹೇಳಿಕೊಡೋಕೆ ನೀವು ಬೇಕು.